ಮಿನಿಡಿಸ್ಕ್ ಪ್ಲೇಯರಿಗೆ ಹೆಡ್‌ಫೋನ್ ಮತ್ತು ಆಂಪ್ಲಿಫೈಯರ್ ಹೊಂದಿಸುವ ಬಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ಲಾಸ್ಟಿಕ್ ಕವಚದೊಳಗಿನ ಪುಟ್ಟ ಡಿಸ್ಕಿನಲ್ಲಿ ಸಂಗೀತ ಮುದ್ರಿಸಿ ಕೇಳುವ ಮಿನಿಡಿಸ್ಕನ್ನು (ಎಂಡಿ) ಸೋನಿ ಸಂಸ್ಥೆ 1992ರ ನವೆಂಬರಿನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ತಂದಿತು. ಕಿಸೆಯಲ್ಲಿಟ್ಟುಕೊಳ್ಳುವ ಎಂಡಿ ವಾಕ್‌ಮನ್‌ಗಳ ಪೂರೈಕೆಯನ್ನು 2011ರಲ್ಲಿ ನಿಲ್ಲಿಸಿತು. ಖಾಲಿ ಡಿಸ್ಕುಗಳ ತಯಾರಿಕೆಯೂ 2025ರ ಫೆಬ್ರವರಿಗೆ ಮುಗಿಯಿತು. ಆದರೂ ಈ ಯಂತ್ರಗಳನ್ನು ಜೋಪಾನವಾಗಿಟ್ಟುಕೊಂಡು ದಿನವೂ ಬಳಸುವವರು ಇದ್ದಾರೆ. ಹಳೆಯ ಯಂತ್ರವೊಂದನ್ನು ಹೊಸದಾಗಿ ಕೊಂಡು ತಂದವರೂ ಇದ್ದಾರೆ. ನಮ್ಮ ನಾಡಿನಲ್ಲಿ ಮಿನಿಡಿಸ್ಕ್ ಎಂದೂ ಕ್ಯಾಸೆಟ್ಟಿನಷ್ಟು ಹರಡಲಿಲ್ಲವಾದ್ದರಿಂದ, ಇಂಥ ಯಂತ್ರಕ್ಕೆ ಯಾವ ಹೆಡ್‌ಫೋನ್ ಹೊಂದುತ್ತದೆ, ಆಂಪ್ಲಿಫೈಯರ್ ಬೇಕೇ ಬೇಡವೇ ಎಂದು ಕೇಳಿ ತಿಳಿಯಲು ಹತ್ತಿರದಲ್ಲಿ ಯಾರೂ ಇರುವುದಿಲ್ಲ. ಹಲವು ವರ್ಷ ಈ ಯಂತ್ರಗಳಲ್ಲೇ ಸಂಗೀತ ಕೇಳುತ್ತ ಬಂದವನಾಗಿ, ನನ್ನನ್ನು ಹೆಚ್ಚಾಗಿ ಕೇಳಿರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಮಿನಿಡಿಸ್ಕ್ ಪ್ಲೇಯರಿನ ಹೆಡ್‌ಫೋನ್ ಜಾಕಿನಿಂದ ಎಷ್ಟು ಶಕ್ತಿ ಹೊರಬರುತ್ತದೆ?

ಬಹಳ ಕಡಿಮೆ. ಸೋನಿಯ ಬಹುಪಾಲು ಮಾದರಿಗಳ ಕೈಪಿಡಿಯಲ್ಲಿ 16 ಓಮ್ ಹೆಡ್‌ಫೋನಿಗೆ ಪ್ರತಿ ಚಾನೆಲ್ಲಿಗೆ 5 ಮಿಲಿವ್ಯಾಟ್ ಎಂದು ನಮೂದಾಗಿರುತ್ತದೆ. ಯುರೋಪಿನ ಮಾರುಕಟ್ಟೆಗೆಂದು ತಯಾರಾದ ಯಂತ್ರಗಳಲ್ಲಿ, ಅಲ್ಲಿನ ಶಬ್ದಮಿತಿಯ ನಿಯಮಗಳ ಕಾರಣದಿಂದ, ಇದನ್ನು ಇನ್ನೂ ತಗ್ಗಿಸಿರುತ್ತಾರೆ. ಒಂದೇ ಒಂದು ಸಣ್ಣ ಬ್ಯಾಟರಿಯಿಂದ ಮೋಟಾರು, ಲೇಸರ್, ಅಟ್ರಾಕ್ (ಸಂಗೀತವನ್ನು ಸಂಕುಚಿತಗೊಳಿಸುವ ಸೋನಿಯ ವಿಧಾನ) ಸಂಕೇತವನ್ನು ಬಿಡಿಸುವ ಚಿಪ್ ಇಷ್ಟನ್ನೂ ನಡೆಸಿ ಉಳಿದದ್ದರಲ್ಲಿ ಹೆಡ್‌ಫೋನಿಗೆ ಪಾಲು ಕೊಡಬೇಕಾಗಿದ್ದರಿಂದ ತಯಾರಕರು ಹೀಗೆ ಮಾಡಿದರು. ತೆಳುವಾದ ಚಪ್ಪಟೆ ಬ್ಯಾಟರಿಯ ವೋಲ್ಟೇಜು 1.2, ಪೆನ್ಸಿಲ್ ಸೆಲ್ಲಿನದು 1.5, ಅಷ್ಟರಲ್ಲೇ ಗಂಟೆಗಟ್ಟಲೆ ಹಾಡಿಸುವ ಈ ಯಂತ್ರಗಳ ಮಿತವ್ಯಯ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ.

ಶಕ್ತಿ ಕಡಿಮೆ ಎಂದ ಮಾತ್ರಕ್ಕೆ ದನಿಯ ಗುಣ ಕಡಿಮೆ ಎಂದು ಭಾವಿಸಬಾರದು. ತನ್ನ ಅಳವಿನೊಳಗೆ ಈ ಜಾಕ್ ಸ್ವಚ್ಛವಾಗಿಯೇ ಹಾಡುತ್ತದೆ. ಅಳವು ಮೀರಿ ದುಡಿಸಿದಾಗ ಮಾತ್ರ ದನಿ ಒಡೆಯುತ್ತದೆ.

ನನ್ನ ಬಳಿ ಇರುವ ಹೆಡ್‌ಫೋನಿಗೆ ಇಷ್ಟು ಶಕ್ತಿ ಸಾಕಾಗುತ್ತದೆಯೇ ಎಂದು ತಿಳಿಯುವುದು ಹೇಗೆ?

ಇದಕ್ಕೆ ಯಾರ ಅಭಿಪ್ರಾಯವನ್ನೂ ನಂಬಬೇಕಾಗಿಲ್ಲ. ಕಾಗದ, ಪೆನ್ಸಿಲ್ ಹಿಡಿದು ಲೆಕ್ಕ ಹಾಕಬಹುದು. ಹೆಡ್‌ಫೋನಿನ ಪೆಟ್ಟಿಗೆಯ ಮೇಲಿರುವ ಎರಡು ಅಂಕಿಗಳು ಬೇಕು: ಓಮ್‌ಗಳಲ್ಲಿ ಕೊಟ್ಟಿರುವ ಇಂಪೀಡೆನ್ಸ್ (ಕರೆಂಟಿಗೆ ಹೆಡ್‌ಫೋನ್ ಒಡ್ಡುವ ತಡೆ), ಮತ್ತು 1 ಮಿಲಿವ್ಯಾಟಿಗೆ ಎಷ್ಟು ಡೆಸಿಬೆಲ್ ಎಂದು ತಿಳಿಸುವ ಸೆನ್ಸಿಟಿವಿಟಿ. ಕೆಲವು ತಯಾರಕರು ಸೆನ್ಸಿಟಿವಿಟಿಯನ್ನು ಮಿಲಿವ್ಯಾಟಿಗೆ ಕೊಡದೆ 1 ವೋಲ್ಟಿಗೆ ಕೊಡುತ್ತಾರೆ. ಆ ಎರಡನ್ನು ಬೆರೆಸಿದರೆ ಲೆಕ್ಕ ಪೂರ್ತಿ ತಪ್ಪುತ್ತದೆ, ಆದ್ದರಿಂದ ಯಾವ ಅಳತೆಯೆಂದು ಮೊದಲು ನೋಡಿಕೊಳ್ಳಿ.

16 ಓಮಿಗೆ 5 ಮಿಲಿವ್ಯಾಟ್ ಎಂದರೆ ಯಂತ್ರ ಹೆಚ್ಚೆಂದರೆ ಸುಮಾರು 0.28 ವೋಲ್ಟ್ ಕೊಡುತ್ತದೆ ಎಂದರ್ಥ. ಹೆಡ್‌ಫೋನಿನ ಇಂಪೀಡೆನ್ಸ್ ಏರಿದರೂ ವೋಲ್ಟೇಜು ಹೆಚ್ಚುಕಡಿಮೆ ಅಷ್ಟಕ್ಕೇ ನಿಲ್ಲುವುದರಿಂದ, ಹೆಡ್‌ಫೋನಿಗೆ ತಲಪುವ ಶಕ್ತಿ ಇಳಿಯುತ್ತ ಹೋಗುತ್ತದೆ. 32 ಓಮಿನದಕ್ಕೆ 2.5 ಮಿಲಿವ್ಯಾಟ್, 60 ಓಮಿನದಕ್ಕೆ 1.3 ಮಿಲಿವ್ಯಾಟ್, 300 ಓಮಿನದಕ್ಕೆ ಕೇವಲ 0.27 ಮಿಲಿವ್ಯಾಟ್. ಇನ್ನು ಸೆನ್ಸಿಟಿವಿಟಿ ಸೇರಿಸಿ ನೋಡೋಣ. 60 ಓಮ್, 101 ಡೆಸಿಬೆಲ್‌ನ ಕಾಸ್ ಪೋರ್ಟಾ ಪ್ರೊ ಹೆಡ್‌ಫೋನಿನಲ್ಲಿ ಗರಿಷ್ಠ ಸುಮಾರು 102 ಡೆಸಿಬೆಲ್ ಸಿಗುತ್ತದೆ. 300 ಓಮ್, 97 ಡೆಸಿಬೆಲ್ ಇರುವ ಸ್ಟುಡಿಯೋ ಹೆಡ್‌ಫೋನಿನಲ್ಲಿ ಸಿಗುವುದು 91 ಮಾತ್ರ.

91 ಡೆಸಿಬೆಲ್ ಎಂದರೆ ಜೋರೇ ಅಲ್ಲವೇ ಎಂದು ನೀವು ಕೇಳಬಹುದು. ಆದರೆ ಅದು ಶಿಖರದ ಮಟ್ಟ. ಸಂಗೀತದ ಸರಾಸರಿ ಮಟ್ಟ ಶಿಖರಕ್ಕಿಂತ 12ರಿಂದ 20 ಡೆಸಿಬೆಲ್ ಕೆಳಗಿರುತ್ತದೆ. ಆಲಾಪನೆ ಮೆಲುದನಿಯಲ್ಲಿ ಆರಂಭವಾಗಿ ತನಿ ಆವರ್ತನದ ಹೊತ್ತಿಗೆ ಮೃದಂಗ ಮೊಳಗುವ ಕಛೇರಿಯ ಧ್ವನಿಮುದ್ರಣದಲ್ಲಿ ಈ ಅಂತರ ಇನ್ನೂ ದೊಡ್ಡದು. ಹಾಗಾಗಿ ಆಲಾಪನೆ 70ರ ಆಸುಪಾಸಿಗೋ ಅದಕ್ಕೂ ಕೆಳಕ್ಕೋ ಇಳಿಯುತ್ತದೆ. ರಾತ್ರಿಯ ನಿಶ್ಶಬ್ದ ಕೋಣೆಯಲ್ಲಿ ಇದು ಸಾಕು, ಬಸ್ಸಿನಲ್ಲಿ ಏನೂ ಕೇಳಿಸುವುದಿಲ್ಲ. ಲೆಕ್ಕ ಹಾಕಿದಾಗ ಗರಿಷ್ಠ 100 ಡೆಸಿಬೆಲ್ ದಾಟುವ ಹೆಡ್‌ಫೋನಾದರೆ ಚಿಂತೆಯಿಲ್ಲ ಎಂಬುದು ನಾನು ಪಾಲಿಸುತ್ತ ಬಂದಿರುವ ಅಳತೆ.

ಹಾಗಾದರೆ ಯಾವ ಬಗೆಯ ಹೆಡ್‌ಫೋನ್ ಹೊಂದುತ್ತದೆ?

ಕಡಿಮೆ ವೋಲ್ಟೇಜಿನಲ್ಲೇ ದನಿಯೆತ್ತುವಂಥದ್ದು. ಸೋನಿ ತನ್ನ ಮಿನಿಡಿಸ್ಕ್ ಯಂತ್ರಗಳ ಜೊತೆಗೆ 16 ಓಮಿನ ಇಯರ್‌ಫೋನ್‌ಗಳನ್ನು ಕೊಡುತ್ತಿದ್ದುದಕ್ಕೆ ಇದೇ ಕಾರಣ. ಆ ಕಾಲದ ಎಂಡಿಆರ್-ಇ888 ಇಯರ್‌ಫೋನ್ ಇಂದಿಗೂ ಮಿನಿಡಿಸ್ಕ್ ಪ್ರಿಯರ ಬಾಯಲ್ಲಿ ಉಳಿದಿದೆ. ಕಿವಿಯೊಳಕ್ಕೆ ಇಳಿಯದೆ ಹೊರಗೆ ಕೂರುವ ಜಾತಿಯದಾದ್ದರಿಂದ ಅದರಲ್ಲಿ ಆಳವಾದ ಬೇಸ್ ನಿರೀಕ್ಷಿಸುವಂತಿಲ್ಲ, ಆದರೆ ಹಾಡುಗಾರರ ಕಂಠವನ್ನು ಅದು ಬಿಚ್ಚಿಡುವ ರೀತಿ ಬಹಳ ಸಹಜ.

ತಲೆಯ ಮೇಲೆ ಧರಿಸುವವುಗಳಲ್ಲಿ 1984ರಿಂದ ಮಾರಾಟದಲ್ಲಿರುವ ಪೋರ್ಟಾ ಪ್ರೊವನ್ನೇ ನಾನು ಮೊದಲು ಸೂಚಿಸುತ್ತೇನೆ. ಹಗುರ, ಮಡಚಬಹುದು, ಬೆಲೆ ಹಿತವಾಗಿದೆ, ಬೇಸ್ ತುಂಬಿಕೊಂಡಿದೆ. ಆದರೆ ತೆರೆದ ವಿನ್ಯಾಸದ್ದಾದ್ದರಿಂದ ಹೊರಗಿನ ಗದ್ದಲ ಒಳಕ್ಕೂ ನಿಮ್ಮ ಹಾಡು ಹೊರಕ್ಕೂ ಹೋಗುತ್ತದೆ. ಮುಚ್ಚಿದ ವಿನ್ಯಾಸ ಬೇಕೆನ್ನುವವರಿಗೆ ಸೋನಿ ಎಂಡಿಆರ್-7506 ಇದೆ. ಅದರ ಇಂಪೀಡೆನ್ಸ್ 63 ಓಮ್ ಆದರೂ ಸೆನ್ಸಿಟಿವಿಟಿ 106 ಡೆಸಿಬೆಲ್ ಇರುವುದರಿಂದ ಮಿನಿಡಿಸ್ಕಿನಿಂದಲೇ 107ರವರೆಗೆ ತಲಪುತ್ತದೆ. ಓಮ್ ಹೆಚ್ಚಿದ್ದರೆ ಆಂಪ್ಲಿಫೈಯರ್ ಬೇಕೇಬೇಕು ಎಂಬ ನಂಬಿಕೆ ಅರ್ಧಸತ್ಯವೆಂದು ತೋರಿಸಲು ಇದೊಂದೇ ಉದಾಹರಣೆ ಸಾಕು.

ಎಟಿಮೋಟಿಕ್ ಇಆರ್-4 ಇಯರ್‌ಫೋನ್‌ಗಳ ಕಥೆ ಇನ್ನೂ ಬೋಧಪ್ರದವಾಗಿದೆ. ಮೊದಲು ಬಂದ ಎಸ್ ಮಾದರಿ 100 ಓಮಿನದು. ಕಿಸೆಯ ಯಂತ್ರಗಳಲ್ಲಿ ಅದರ ದನಿ ಸಣ್ಣದಾಗುತ್ತಿತ್ತು. ಆದ್ದರಿಂದ ಆ ಸಂಸ್ಥೆ ಕಿಸೆಯ ಯಂತ್ರಗಳಿಗೆಂದೇ 27 ಓಮಿನ ಪಿ ಮಾದರಿಯನ್ನು ತಂದಿತು. ಪಿ ಮಾದರಿಗೆ 75 ಓಮ್ ರೆಸಿಸ್ಟರ್ ಇರುವ ಸಣ್ಣ ಕೇಬಲ್ ಸೇರಿಸಿದರೆ ಎಸ್ ಮಾದರಿಯ ದನಿ ಬರುತ್ತದೆ. ಮಿನಿಡಿಸ್ಕಿಗೆ ನೇರವಾಗಿ ಪಿ, ಆಂಪ್ಲಿಫೈಯರಿಗೆ ಕೇಬಲ್ ಸೇರಿಸಿ ಎಸ್: ಹೀಗೆ ಒಂದೇ ಇಯರ್‌ಫೋನನ್ನು ಎರಡೂ ಕಡೆ ದುಡಿಸಿಕೊಳ್ಳಬಹುದು.

ದನಿ ತೀರ ಸಣ್ಣದಾಗಿದೆ. ಆಂಪ್ಲಿಫೈಯರ್ ಕೊಳ್ಳುವ ಮೊದಲು ಏನು ನೋಡಬೇಕು?

ಮೊದಲು ಎವಿಎಲ್‌ಎಸ್ ಎಂಬ ದನಿಮಿತಿಯ ವ್ಯವಸ್ಥೆ ಚಾಲೂ ಇದೆಯೇ ನೋಡಿ. ಕೆಲವು ಯಂತ್ರಗಳಲ್ಲಿ ಅದಕ್ಕೆ ಸಣ್ಣ ಸ್ವಿಚ್ ಇರುತ್ತದೆ, ಕೆಲವುಗಳಲ್ಲಿ ಮೆನುವಿನೊಳಗೆ ಅಡಗಿರುತ್ತದೆ. ಹಳೆಯ ಯಂತ್ರ ಕೊಂಡು ತಂದವರು ಹಿಂದಿನ ಒಡೆಯರು ಹಾಕಿಟ್ಟ ಈ ಮಿತಿಯನ್ನು ಅರಿಯದೆ ಯಂತ್ರವೇ ಕೆಟ್ಟಿದೆಯೆಂದು ತಿಳಿದದ್ದನ್ನು ನಾನು ಕಂಡಿದ್ದೇನೆ. ಆಮೇಲೆ ಜಾಕನ್ನೂ ಪ್ಲಗ್ಗನ್ನೂ ಸ್ವಚ್ಛಗೊಳಿಸಿ. ಧ್ವನಿಮುದ್ರಣವನ್ನೇ ಕಡಿಮೆ ಮಟ್ಟದಲ್ಲಿ ಮಾಡಿರುವ ಸಾಧ್ಯತೆಯೂ ಇದೆ. ಬೇರೊಂದು ಡಿಸ್ಕ್ ಹಾಕಿ ಹೋಲಿಸಿ.

ಆಂಪ್ಲಿಫೈಯರ್ ನಿಜವಾಗಿ ಯಾವಾಗ ಬೇಕು?

ಮೇಲಿನ ಲೆಕ್ಕದಲ್ಲಿ ನಿಮ್ಮ ಹೆಡ್‌ಫೋನ್ 100 ಡೆಸಿಬೆಲ್ ತಲಪದಿದ್ದಾಗ. ಇಲ್ಲವೇ ಸೆನ್ಸಿಟಿವಿಟಿ ಸಾಕಷ್ಟಿದ್ದರೂ, ವಾಲ್ಯೂಮ್ 30ರಲ್ಲಿ 28 ದಾಟಿಸದೆ ಕೇಳಲಾಗದಿದ್ದಾಗ, ಅಥವಾ ಬೇಸ್ ಬಂದಾಗಲೆಲ್ಲ ದನಿ ಒಡೆಯುತ್ತಿದ್ದಾಗ. ಬೇರೆ ಸಂದರ್ಭಗಳಲ್ಲಿ ಆಂಪ್ಲಿಫೈಯರಿಗೆ ಖರ್ಚು ಮಾಡುವ ಹಣವನ್ನು ಒಳ್ಳೆಯ ಹೆಡ್‌ಫೋನಿಗೆ ಹಾಕಿದರೆ ಸಿಗುವ ಲಾಭ ಬಹಳ ದೊಡ್ಡದು. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಹಲವರು ಈ ದಾರಿಯನ್ನು ತಿರುಗುಮುರುಗಾಗಿ ನಡೆಯುತ್ತಾರೆ: ಯಂತ್ರದ ಜೊತೆಗೆ ಬಂದ ಇಯರ್‌ಫೋನನ್ನೇ ಇಟ್ಟುಕೊಂಡು ಆಂಪ್ಲಿಫೈಯರ್ ತರುತ್ತಾರೆ, ಅದೇ ದನಿ ಇನ್ನಷ್ಟು ಜೋರಾಗಿ ಕೇಳಿಸಿದಾಗ ನಿರಾಶರಾಗುತ್ತಾರೆ.

ಲೈನ್ ಔಟ್ ಎಂದರೇನು? ಅದು ನನ್ನ ಯಂತ್ರದಲ್ಲಿ ಇದೆಯೇ?

ವಾಲ್ಯೂಮ್ ಗುಂಡಿಗೂ ಬೇಸ್ ಏರಿಸುವ ವ್ಯವಸ್ಥೆಗೂ ಒಳಪಡದೆ, ನಿಗದಿತ ಮಟ್ಟದಲ್ಲಿ ಹೊರಬರುವ ಸಂಕೇತವೇ ಲೈನ್ ಔಟ್. ಆಂಪ್ಲಿಫೈಯರಿಗೆ ಕೊಡಲು ಇದಕ್ಕಿಂತ ಯೋಗ್ಯವಾದದ್ದಿಲ್ಲ. 1990ರ ದಶಕದ ಎಂಝಡ್-ಆರ್30, ಎಂಝಡ್-ಆರ್50ರಂಥ ರೆಕಾರ್ಡರುಗಳಲ್ಲಿ ಇದಕ್ಕೆ ಪ್ರತ್ಯೇಕ ಜಾಕ್ ಇತ್ತು. ಯಂತ್ರಗಳು ತೆಳುವಾಗುತ್ತ ಬಂದಂತೆ ಒಂದೇ ಜಾಕನ್ನು ಎರಡು ಕೆಲಸಕ್ಕೆ ಬಳಸತೊಡಗಿದರು. ಮೆನುವಿನಲ್ಲಿ ಹೆಡ್‌ಫೋನ್ ಅಥವಾ ಲೈನ್ ಔಟ್ ಎಂದು ಆರಿಸಬೇಕು. ರೆಕಾರ್ಡ್ ಮಾಡಲಾಗದ, ಕೇಳಲು ಮಾತ್ರ ಬರುವ ಅಗ್ಗದ ಪ್ಲೇಯರುಗಳಲ್ಲಿ ಹೆಚ್ಚಾಗಿ ಲೈನ್ ಔಟ್ ಇರುವುದೇ ಇಲ್ಲ. ಜಾಕಿನ ಪಕ್ಕದ ಬರಹವನ್ನು ಓದಿ, ಇಲ್ಲವೇ ಮೆನುವನ್ನು ಒಮ್ಮೆ ಪೂರ್ತಿ ತಡಕಿ ನೋಡಿ.

ಒಂದು ಎಚ್ಚರಿಕೆ ಅಗತ್ಯ. ಮೆನುವಿನಲ್ಲಿ ಲೈನ್ ಔಟ್ ಆರಿಸಿಟ್ಟು ಮರೆತು, ಅದೇ ಜಾಕಿಗೆ ಇಯರ್‌ಫೋನ್ ಹಾಕಿಕೊಂಡರೆ ದನಿ ಒಮ್ಮೆಲೇ ಪೂರ್ಣ ಮಟ್ಟದಲ್ಲಿ ಕಿವಿಗೆ ಬಡಿಯುತ್ತದೆ, ವಾಲ್ಯೂಮ್ ಗುಂಡಿ ಒತ್ತಿದರೂ ಇಳಿಯುವುದಿಲ್ಲ.

ಲೈನ್ ಔಟ್ ಇಲ್ಲ. ಹೆಡ್‌ಫೋನ್ ಜಾಕಿನಿಂದಲೇ ಆಂಪ್ಲಿಫೈಯರಿಗೆ ಕೊಡಬಹುದೇ?

ಧಾರಾಳವಾಗಿ ಕೊಡಬಹುದು. ಎರಡು ಬಾರಿ ವರ್ಧಿಸಿದಂತಾಗಿ ದನಿ ಹಾಳಾಗುತ್ತದೆ ಎಂಬ ಹೆದರಿಕೆ ಬಹಳ ಕಡೆ ಕೇಳಿಬರುತ್ತದೆ. ಆದರೆ 16 ಓಮಿನ ಭಾರ ಹೊರುವ ಬದಲು, ಆಂಪ್ಲಿಫೈಯರಿನ 10,000 ಓಮ್ ಅಥವಾ ಅದಕ್ಕಿಂತ ಹೆಚ್ಚಿನ ಒಳದಾರಿಗೆ ಸಂಕೇತ ಕೊಡುವುದು ಆ ಸಣ್ಣ ಚಿಪ್ಪಿಗೆ ವಿಶ್ರಾಂತಿಯೇ ಸರಿ; ಭಾರವಿಲ್ಲದಾಗ ಅದರ ವಿಕೃತಿಯೂ ಕಡಿಮೆ. ಬೇಸ್ ಏರಿಸುವ ವ್ಯವಸ್ಥೆಯನ್ನೂ ಈಕ್ವಲೈಸರನ್ನೂ ಮುಚ್ಚಿ, ವಾಲ್ಯೂಮನ್ನು 30ರಲ್ಲಿ 24ರಿಂದ 26ರ ನಡುವೆ ಇಟ್ಟು, ಉಳಿದದ್ದನ್ನು ಆಂಪ್ಲಿಫೈಯರಿನ ಗುಂಡಿಯಿಂದ ಹೊಂದಿಸಿ. ವಾಲ್ಯೂಮನ್ನು 10ಕ್ಕೋ 12ಕ್ಕೋ ಇಟ್ಟರೆ ಸಂಕೇತ ಸಣ್ಣದಾಗಿ, ಯಂತ್ರದ ಸುಯ್ಯೆನ್ನುವ ಹಿನ್ನೆಲೆಯ ಸದ್ದೂ ಅದರ ಜೊತೆಗೆ ದೊಡ್ಡದಾಗುತ್ತದೆ.

ಎಂಥ ಆಂಪ್ಲಿಫೈಯರ್ ಕೊಳ್ಳಲಿ? ಗೇನ್ ಎಷ್ಟಿರಬೇಕು?

ಒಳಬಂದ ಸಂಕೇತವನ್ನು ಆಂಪ್ಲಿಫೈಯರ್ ಎಷ್ಟು ಪಟ್ಟು ಹೆಚ್ಚಿಸುತ್ತದೆ ಎಂಬುದೇ ಗೇನ್. ಇಲ್ಲಿ ಮಿನಿಡಿಸ್ಕಿಗೆ ವಿಶಿಷ್ಟವಾದ ತೊಡಕೊಂದಿದೆ. ಮನೆಯ ಸಿಡಿ ಪ್ಲೇಯರುಗಳು ಪೂರ್ಣ ಮಟ್ಟದಲ್ಲಿ ಸುಮಾರು 2 ವೋಲ್ಟ್ ಕೊಡುತ್ತವೆ. ಈಗಿನ ಆಂಪ್ಲಿಫೈಯರುಗಳನ್ನು ಅಂಥ ಬಲವಾದ ಸಂಕೇತಕ್ಕೆಂದೇ ಮಾಡಿರುವುದರಿಂದ ಅವುಗಳ ಕಡಿಮೆ ಗೇನಿನ ಸ್ಥಾನ ಬಹುತೇಕ 1 ಅಥವಾ 2 ಪಟ್ಟು ಮಾತ್ರ. ಮಿನಿಡಿಸ್ಕಿನ ಲೈನ್ ಔಟ್ ಸೋನಿಯ ಕೈಪಿಡಿಗಳಲ್ಲಿ 194 ಮಿಲಿವೋಲ್ಟ್ ಎಂದು ನಮೂದಾಗಿರುತ್ತದೆ; ಹೆಡ್‌ಫೋನ್ ಜಾಕಿನದು ಹೆಚ್ಚೆಂದರೆ 0.28 ವೋಲ್ಟ್. ಹೀಗಾಗಿ ಗೆಳೆಯನ ಫೋನಿಗೆ ಅದ್ಭುತವಾಗಿ ಹೊಂದಿದ ಆಂಪ್ಲಿಫೈಯರ್ ನಿಮ್ಮ ಮಿನಿಡಿಸ್ಕಿಗೆ ಸಪ್ಪೆಯೆನಿಸಬಹುದು. ತಪ್ಪು ಆಂಪ್ಲಿಫೈಯರಿನದಲ್ಲ, ಅದಕ್ಕೆ ಸಿಗುತ್ತಿರುವ ಸಂಕೇತವೇ ಸಣ್ಣದು.

300 ಓಮಿನ, 97 ಡೆಸಿಬೆಲ್‌ನ ಆ ಹೆಡ್‌ಫೋನಿಗೆ ಮರಳೋಣ. 0.28 ವೋಲ್ಟನ್ನು 4 ಪಟ್ಟು ಹೆಚ್ಚಿಸಿದರೆ ಸುಮಾರು 1.1 ವೋಲ್ಟ್ ಆಗುತ್ತದೆ. ಹೆಡ್‌ಫೋನಿಗೆ 4 ಮಿಲಿವ್ಯಾಟಿನಷ್ಟು ಸಿಕ್ಕಿ ದನಿ 103 ಡೆಸಿಬೆಲ್ ತಲಪುತ್ತದೆ. ಅಂದರೆ 4ರಿಂದ 7 ಪಟ್ಟಿನ ಗೇನ್ ಇರುವ, ಸಾಧ್ಯವಾದರೆ ಎರಡು ಮಟ್ಟಗಳ ನಡುವೆ ಬದಲಿಸಲು ಸ್ವಿಚ್ ಇರುವ ಆಂಪ್ಲಿಫೈಯರನ್ನು ಹುಡುಕಿ. 2011ರಲ್ಲಿ ಬಂದ, ವಿನ್ಯಾಸವನ್ನು ಎಲ್ಲರಿಗೂ ಮುಕ್ತವಾಗಿ ಕೊಟ್ಟ ಓ2 ಎಂಬ ಆಂಪ್ಲಿಫೈಯರಿನಲ್ಲಿ 2.5 ಮತ್ತು 6.5 ಪಟ್ಟುಗಳ ಎರಡು ಸ್ಥಾನಗಳಿರುವುದರಿಂದ, ಎರಡನೆಯದು ಮಿನಿಡಿಸ್ಕಿಗೆಂದೇ ಮಾಡಿದಂತಿದೆ. ಎರಡು 9 ವೋಲ್ಟ್ ಬ್ಯಾಟರಿಗಳ ಆ ಪೆಟ್ಟಿಗೆ ಕಿಸೆಗೆ ಸ್ವಲ್ಪ ದಪ್ಪ, ಮೇಜಿಗೆ ಸೊಗಸು.

ಕೈಯಾರೆ ಮಾಡಿಕೊಳ್ಳುವ ಆಸಕ್ತಿಯಿದ್ದವರಿಗೆ ಚು ಮೋಯ್ ಅವರು 1998ರಲ್ಲಿ ಪ್ರಕಟಿಸಿದ ವಿನ್ಯಾಸವಿದೆ. ಒಂದು 9 ವೋಲ್ಟ್ ಬ್ಯಾಟರಿ, ಸಂಕೇತವನ್ನು ವರ್ಧಿಸುವ ಒಂದು ಆಪ್-ಆಂಪ್ ಚಿಪ್, ಕೈಬೆರಳೆಣಿಕೆಯ ರೆಸಿಸ್ಟರ್ ಮತ್ತು ಕೆಪಾಸಿಟರುಗಳು: ಇಷ್ಟೇ. ಪೆಪ್ಪರ್‌ಮಿಂಟಿನ ತಗಡಿನ ಡಬ್ಬಿಯಲ್ಲಿ ಇದನ್ನು ಕೂರಿಸುವುದು ವಾಡಿಕೆಯಾಯಿತು. ಕಿಸೆಯಲ್ಲಿ ಒಯ್ಯುವ ಸಿಡಿ ಮತ್ತು ಮಿನಿಡಿಸ್ಕ್ ಯಂತ್ರಗಳ ಕಾಲದಲ್ಲಿ ಹುಟ್ಟಿದ್ದರಿಂದ ಇದರ ಗೇನ್ 11 ಪಟ್ಟು ಇದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಬೇಕಾದ ಸಾಮಾನುಗಳನ್ನು ಆಯ್ದು ತಂದು ಮೊದಲ ಬಾರಿ ಬೆಸುಗೆ ಹಾಕಿದಾಗ ನಾನು ಪಟ್ಟ ಸಂತೋಷವನ್ನು ಮರೆತಿಲ್ಲ. ಆದರೆ ಇದನ್ನು 16 ಓಮಿನ ಸೂಕ್ಷ್ಮ ಇಯರ್‌ಫೋನಿಗೆ ಬಳಸಬೇಡಿ. ಗುಂಡಿಯನ್ನು ಸೊನ್ನೆಯಿಂದ ಕೂದಲೆಳೆಯಷ್ಟು ತಿರುಗಿಸಿದರೆ ಸಾಕು, ದನಿ ಜೋರಾಗಿಬಿಡುತ್ತದೆ. ಸಾಮಾನ್ಯ ವಾಲ್ಯೂಮ್ ಗುಂಡಿಗಳಲ್ಲಿ ಆ ಜಾಗದಲ್ಲೇ ಎಡ ಬಲಗಳ ಸಮತೋಲ ತಪ್ಪಿರುತ್ತದೆ. ಅಂಥ ಇಯರ್‌ಫೋನಿಗೆ ಬೇಕಾದ ಕರೆಂಟನ್ನು ಸಾಮಾನ್ಯ ಆಪ್-ಆಂಪ್ ಸಲೀಸಾಗಿ ಕೊಡುವುದೂ ಇಲ್ಲ.

ಆಂಪ್ಲಿಫೈಯರ್ ಸೇರಿಸಿದ ಮೇಲೆ ಬೇಸ್ ತುಂಬಿಬಂತು. ಇದು ನನ್ನ ಭ್ರಮೆಯೇ?

ಭ್ರಮೆ ಆಗಿರಲಿಕ್ಕಿಲ್ಲ. ಹಲವು ಕಿಸೆಯ ಯಂತ್ರಗಳಲ್ಲಿ ಹೆಡ್‌ಫೋನ್ ಜಾಕಿಗೆ ಮೊದಲು ಒಂದು ಕೆಪಾಸಿಟರ್ ಇರುತ್ತದೆ. ಹೆಡ್‌ಫೋನಿನ ಇಂಪೀಡೆನ್ಸ್ ಕಡಿಮೆಯಾದಷ್ಟೂ ಅದು ಕೆಳಸ್ವರಗಳನ್ನು ಹೆಚ್ಚು ಕತ್ತರಿಸುತ್ತದೆ. ಉದಾಹರಣೆಗೆ 220 ಮೈಕ್ರೋಫ್ಯಾರಡ್‌ನ ಕೆಪಾಸಿಟರಿಗೆ 16 ಓಮಿನ ಇಯರ್‌ಫೋನ್ ಸೇರಿದರೆ ಸುಮಾರು 45 ಹರ್ಟ್ಸ್‌ನಲ್ಲೇ ದನಿ 3 ಡೆಸಿಬೆಲ್ ಇಳಿದಿರುತ್ತದೆ. 32 ಓಮಿನದಾದರೆ ಆ ಗಡಿ 23 ಹರ್ಟ್ಸ್‌ಗೆ ಇಳಿಯುತ್ತದೆ. ಜಾಕಿನಿಂದ ಆಂಪ್ಲಿಫೈಯರಿಗೆ ಸಂಕೇತ ಕೊಟ್ಟಾಗ ಆ ಕೆಪಾಸಿಟರಿಗೆ ಎದುರಾಗುವುದು ಸಾವಿರಾರು ಓಮ್ ಆದ್ದರಿಂದ ಕತ್ತರಿಯೇ ಮಾಯವಾಗುತ್ತದೆ. ತಬಲಾದ ಡಗ್ಗಾದಲ್ಲಿ ಗಮಕ ಎಳೆದಾಗ ಈ ವ್ಯತ್ಯಾಸ ಸ್ಪಷ್ಟವಾಗಿ ಕೇಳಿಸುತ್ತದೆ. ಆದರೂ ಹೋಲಿಸುವಾಗ ಎರಡೂ ಕಡೆ ಒಂದೇ ಮಟ್ಟದಲ್ಲಿ ಕೇಳಿ. ಸ್ವಲ್ಪ ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿ ಸುಲಭವಾಗಿ ಮೋಸಹೋಗುತ್ತದೆ.

ಕಿವಿಯೊಳಗೆ ಇಳಿಯುವ ಇಯರ್‌ಫೋನಿನಲ್ಲಿ ಸುಯ್ಯೆನ್ನುವ ಸದ್ದು ಬರುತ್ತಿದೆ. ಪರಿಹಾರವೇನು?

ನಿಮ್ಮ ಇಯರ್‌ಫೋನ್ ಬೇಕಾದ್ದಕ್ಕಿಂತ ಹೆಚ್ಚು ಸೂಕ್ಷ್ಮವಾಗಿದೆ. ಇಲ್ಲಿ ಆಂಪ್ಲಿಫೈಯರ್ ಸೇರಿಸಿದರೆ ಸದ್ದು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ನಡುವೆ ರೆಸಿಸ್ಟರ್ ಇರುವ ಸಣ್ಣ ಕೇಬಲ್ ಅಥವಾ ತಂತಿಯ ಮೇಲೇ ವಾಲ್ಯೂಮ್ ಗುಂಡಿಯಿರುವ ಕೇಬಲ್ ಹಾಕಿ, ಯಂತ್ರದ ವಾಲ್ಯೂಮನ್ನು ಏರಿಸಿ. ಬ್ಯಾಲೆನ್ಸ್ಡ್ ಆರ್ಮೇಚರ್ (ಅತಿ ಸಣ್ಣ ಲೋಹದ ಪಟ್ಟಿಯನ್ನು ಅಲುಗಿಸಿ ದನಿ ಹುಟ್ಟಿಸುವ) ಜಾತಿಯ ಇಯರ್‌ಫೋನ್‌ಗಳಲ್ಲಿ ಹೀಗೆ ರೆಸಿಸ್ಟರ್ ಸೇರಿಸಿದಾಗ ದನಿಯ ಬಣ್ಣವೂ ಬದಲಾಗುತ್ತದೆ ಎಂಬುದು ನೆನಪಿರಲಿ.

ತಂತಿಯಲ್ಲಿರುವ ರಿಮೋಟಿನ ಮೂಲಕ ಕೇಳಬೇಕೇ, ಯಂತ್ರಕ್ಕೆ ನೇರವಾಗಿ ಸೇರಿಸಬೇಕೇ?

ದನಿಯ ದೃಷ್ಟಿಯಿಂದ ಗಮನಾರ್ಹ ಭೇದವನ್ನು ನಾನು ಕಂಡಿಲ್ಲ. ರಿಮೋಟಿನಲ್ಲಿ ಹಾಡಿನ ಹೆಸರು ಓದುತ್ತ, ಕಿಸೆಯಿಂದ ಯಂತ್ರ ತೆಗೆಯದೆ ಕೇಳುವುದೇ ಮಿನಿಡಿಸ್ಕಿನ ಸೊಬಗು. ಆದರೆ ರಿಮೋಟಿನದೇ ಒಂದು ಉದ್ದದ ತಂತಿ ಇರುವುದರಿಂದ ಮಾಮೂಲಿ ಹೆಡ್‌ಫೋನ್ ಸೇರಿಸಿದರೆ ಎರಡೂ ಸೇರಿ ಮೊಣಕಾಲಿಗೆ ಸುತ್ತಿಕೊಳ್ಳುವಷ್ಟು ಉದ್ದವಾಗುತ್ತದೆ. ಜಪಾನಿನಲ್ಲಿ ಅರ್ಧ ಮೀಟರಿನಷ್ಟು ಗಿಡ್ಡ ತಂತಿಯ ಇಯರ್‌ಫೋನ್‌ಗಳನ್ನು ಮಾರುತ್ತಿದ್ದುದು ಇದಕ್ಕೇ. ಎಂಡಿಆರ್-ಇ888ಕ್ಕೂ ಗಿಡ್ಡ ತಂತಿಯ ಎಸ್‌ಪಿ, ಉದ್ದ ತಂತಿಯ ಎಲ್‌ಪಿ ಎಂಬ ಎರಡು ರೂಪಗಳಿದ್ದವು. ಹಳೆಯ ಇಯರ್‌ಫೋನ್ ಕೊಳ್ಳುವಾಗ ಈ ಅಕ್ಷರಗಳನ್ನು ನೋಡಿ ಕೊಳ್ಳಿ. ಆಂಪ್ಲಿಫೈಯರಿಗೆ ಸೇರಿಸುವಾಗ ಮಾತ್ರ ರಿಮೋಟನ್ನು ಬಿಟ್ಟು ನೇರವಾಗಿ ಯಂತ್ರದಿಂದಲೇ ಸಂಕೇತ ತೆಗೆಯಿರಿ. ಕೂಡುಗಂಟುಗಳು ಕಡಿಮೆಯಾದಷ್ಟೂ ಒಳ್ಳೆಯದು.

ಫೋನಿನ ಮೈಕ್ ಇರುವ ಇಯರ್‌ಫೋನ್ ಹಾಕಿದಾಗ ಹಾಡುಗಾರರ ದನಿಯೇ ಮಾಯವಾಗುತ್ತದೆ, ಏಕೆ?

ಅಂಥ ಪ್ಲಗ್ಗಿನಲ್ಲಿ ಮೂರರ ಬದಲು ನಾಲ್ಕು ಪಟ್ಟಿಗಳಿರುತ್ತವೆ. ಯಂತ್ರದ ಜಾಕಿನ ನೆಲದ (ಗ್ರೌಂಡ್) ಸಂಪರ್ಕವು ಇಯರ್‌ಫೋನಿನ ನೆಲದ ಪಟ್ಟಿಯನ್ನು ಮುಟ್ಟದೆ ಮೈಕಿನ ಪಟ್ಟಿಯನ್ನಷ್ಟೇ ಮುಟ್ಟಿದರೆ, ಕಿವಿಗೆ ಬರುವುದು ಎಡ ಬಲಗಳ ನಡುವಿನ ವ್ಯತ್ಯಾಸ ಮಾತ್ರ. ಹಾಡುಗಾರರ ಕಂಠ ಎರಡರಲ್ಲೂ ಸಮನಾಗಿರುವುದರಿಂದ ಕಳೆದುಹೋಗಿ, ಬದಿಗಳಲ್ಲಿದ್ದ ವಾದ್ಯಗಳು ಮಾತ್ರ ಬಾವಿಯೊಳಗಿನಿಂದ ಬಂದಂತೆ ಕೇಳಿಸುತ್ತವೆ. ಪ್ಲಗ್ಗನ್ನು ಒಂದು ಮಿಲಿಮೀಟರಿನಷ್ಟು ಹೊರಕ್ಕೆಳೆದರೆ ಸರಿಹೋಗುತ್ತದೆ. ಶಾಶ್ವತ ಪರಿಹಾರಕ್ಕೆ ಮೈಕ್ ಇಲ್ಲದ ಇಯರ್‌ಫೋನನ್ನೇ ಬಳಸಿ.

ಇದಕ್ಕೆ ತಿರುವುಮುರುವಾದ ಸಂಗತಿಯೂ ಇದೆ. ಶಾರ್ಪ್ ಸಂಸ್ಥೆಯ 1-ಬಿಟ್ ಡಿಜಿಟಲ್ ಆಂಪ್ಲಿಫೈಯರ್ ಇದ್ದ ಕೆಲವು ಪ್ಲೇಯರುಗಳು ಎಡ ಬಲಗಳ ಹಿಂದಾರಿಯನ್ನು ಬೇರೆ ಬೇರೆಯಾಗಿ ಒಯ್ಯಲೆಂದೇ ನಾಲ್ಕು ಪಟ್ಟಿಯ ಪ್ಲಗ್ ಬಳಸುತ್ತಿದ್ದವು. ಅವುಗಳ ಜೊತೆಗೆ ಬಂದ ಇಯರ್‌ಫೋನನ್ನು ಕಳೆದುಕೊಳ್ಳಬೇಡಿ. ಅಂಥ ಯಂತ್ರಕ್ಕೆ ಹೊರಗಿನ ಆಂಪ್ಲಿಫೈಯರ್ ಸೇರಿಸುವ ಮೊದಲು ಕೈಪಿಡಿ ಓದಿ.

ಒಳ್ಳೆಯ ಹೆಡ್‌ಫೋನ್ ತಂದ ಮೇಲೆ ಹಳೆಯ ಡಿಸ್ಕುಗಳ ದನಿ ಕೆಟ್ಟದಾಗಿ ಕೇಳಿಸುತ್ತಿದೆಯಲ್ಲ?

ಡಿಸ್ಕನ್ನು ಯಾವ ವಿಧಾನದಲ್ಲಿ ಮುದ್ರಿಸಿದ್ದೀರಿ ಎಂದು ನೋಡಿ. ಮೂಲದ ಎಸ್‌ಪಿ ವಿಧಾನದಲ್ಲಿ ಸೆಕೆಂಡಿಗೆ 292 ಕಿಲೋಬಿಟ್ ಇರುತ್ತದೆ. ಒಂದೇ ಡಿಸ್ಕಿನಲ್ಲಿ ಹೆಚ್ಚು ಹೊತ್ತು ತುಂಬಿಸಲೆಂದು 2000ದಲ್ಲಿ ಬಂದ ಎಂಡಿಎಲ್‌ಪಿಯಲ್ಲಿ ಎಲ್‌ಪಿ2ಕ್ಕೆ 132, ಎಲ್‌ಪಿ4ಕ್ಕೆ ಕೇವಲ 66. ಎಲ್‌ಪಿ4ರಲ್ಲಿ 80 ನಿಮಿಷದ ಡಿಸ್ಕಿನಲ್ಲಿ 5 ಗಂಟೆಗೂ ಹೆಚ್ಚು ಹೊತ್ತು ತುಂಬಿಸಬಹುದೆಂಬ ಆಸೆಗೆ ನಾವೆಲ್ಲ ಬಿದ್ದವರೇ. ಯಂತ್ರದ ಜೊತೆಗಿನ ಇಯರ್‌ಫೋನಿನಲ್ಲಿ ಮುಚ್ಚಿಹೋಗಿದ್ದ ಅದರ ಕುಂದು ಒಳ್ಳೆಯ ಹೆಡ್‌ಫೋನಿನಲ್ಲಿ ಬಯಲಾಗುತ್ತದೆ.

ಪರೀಕ್ಷಿಸಲು ತಂಬೂರಿಗಿಂತ ಒಳ್ಳೆಯ ಸಾಧನವಿಲ್ಲ ಎಂಬುದು ನನ್ನ ಅನುಭವ. ಒಂದೇ ಶ್ರುತಿಯಲ್ಲಿ ನಿಂತು, ಜವಾರಿಯಿಂದ ಹುಟ್ಟುವ ಉಪಸ್ವರಗಳು ಎಡೆಬಿಡದೆ ಮಿನುಗುವ ಆ ನಾದವನ್ನು ಕಡಿಮೆ ಬಿಟ್ಟುಗಳಲ್ಲಿ ಹಿಡಿದಿಡುವುದು ಕಷ್ಟ. ಎಲ್‌ಪಿ4ರಲ್ಲಿ ತಂಬೂರಿ ನೀರಿನೊಳಗೆ ಮಿಡಿದಂತೆ ಅಲುಗುತ್ತದೆ. ಎಲ್‌ಪಿ2ರಲ್ಲಿ ಬಹುಮಟ್ಟಿಗೆ ನಿಲ್ಲುತ್ತದೆ. ಎಸ್‌ಪಿಯಲ್ಲಿ ಮೂಲಕ್ಕೂ ಪ್ರತಿಗೂ ಭೇದ ಕಂಡುಹಿಡಿಯಲು ನಾನು ಬಹಳ ಶ್ರಮಪಡಬೇಕಾಗುತ್ತದೆ. ಭಾಷಣ, ತಾಳಮದ್ದಳೆಯ ಅರ್ಥಗಾರಿಕೆಯಂಥವನ್ನು ಎಲ್‌ಪಿ4ರಲ್ಲಿಡಿ, ಸಂಗೀತವನ್ನು ಎಸ್‌ಪಿಯಲ್ಲಿಡಿ.

ಹೈ-ಎಂಡಿ ಯಂತ್ರಗಳಿಗೂ ಇದೆಲ್ಲ ಅನ್ವಯಿಸುತ್ತದೆಯೇ?

ಅನ್ವಯಿಸುತ್ತದೆ. ಮಿನಿಡಿಸ್ಕಿನ ಮುಂದಿನ ಪೀಳಿಗೆಯಾಗಿ 2004ರಲ್ಲಿ ಬಂದ ಹೈ-ಎಂಡಿಯ 1 ಜಿಬಿ ಡಿಸ್ಕಿನಲ್ಲಿ 94 ನಿಮಿಷದಷ್ಟು ಸಂಗೀತವನ್ನು ಸಂಕುಚಿತಗೊಳಿಸದೆ ಇಡಬಹುದು, ಹಾಗಾಗಿ ಮೂಲವೇ ಉತ್ತಮ. 2006ರ ಎಂಝಡ್-ಆರ್‌ಎಚ್1ರಂಥ ಮೇಲ್ಮಟ್ಟದ ಮಾದರಿಗಳಲ್ಲಿ ಡಿಜಿಟಲ್ ಆಂಪ್ಲಿಫೈಯರ್ ಇದ್ದು ಹಿನ್ನೆಲೆ ಬಹಳ ನಿಶ್ಶಬ್ದವಾಗಿರುತ್ತದೆ. ಆದರೆ ಹೊರಬರುವ ಶಕ್ತಿ ಅದೇ ಕೆಲವೇ ಮಿಲಿವ್ಯಾಟ್, ಲೆಕ್ಕವೂ ಅದೇ. ಇಂಥ ಯಂತ್ರಕ್ಕೆ ಸೂಕ್ಷ್ಮವಾದ ಇಯರ್‌ಫೋನನ್ನು ನೇರವಾಗಿ ಸೇರಿಸಿ ಕೇಳುವುದೇ ಅದಕ್ಕೆ ಸಲ್ಲುವ ಗೌರವ ಎಂದು ನಾನು ತಿಳಿಯುತ್ತೇನೆ.

ಡಿಜಿಟಲ್ ಸಂಕೇತವನ್ನೇ ಹೊರತೆಗೆದು ಬೇರೆ ಡ್ಯಾಕ್‌ಗೆ (ಡಿಜಿಟಲ್ ಸಂಕೇತವನ್ನು ಅನಲಾಗ್ ಸಂಕೇತವಾಗಿ ಬದಲಿಸುವ ಸಾಧನಕ್ಕೆ) ಕೊಡಬಹುದೇ?

ಕಿಸೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಸಾಧ್ಯವಿಲ್ಲ. ಅವುಗಳಲ್ಲಿರುವ ಆಪ್ಟಿಕಲ್ ಜಾಕ್ ಒಳಕ್ಕೆ ಮುದ್ರಿಸಿಕೊಳ್ಳಲು ಮಾತ್ರ. ಆಪ್ಟಿಕಲ್ ಔಟ್ ಬೇಕಿದ್ದರೆ ಮನೆಯಲ್ಲಿಡುವ ಮಿನಿಡಿಸ್ಕ್ ಡೆಕ್ ಹುಡುಕಿ; ಅದೇ ಡಿಸ್ಕನ್ನು ಅದರಲ್ಲಿ ಹಾಕಿ ಡ್ಯಾಕ್‌ಗೆ ಕೊಡಬಹುದು.

ಬ್ಲೂಟೂತ್ ಹೆಡ್‌ಫೋನ್ ಬಳಸಬಹುದೇ?

3.5 ಮಿಲಿಮೀಟರ್ ಜಾಕಿಗೆ ಸೇರಿಸುವ ಬ್ಲೂಟೂತ್ ಟ್ರಾನ್ಸ್‌ಮಿಟರ್ ಮೂಲಕ ಬಳಸಬಹುದು. ಒಮ್ಮೆ ಅಟ್ರಾಕ್‌ನಲ್ಲಿ ಸಂಕುಚಿತಗೊಂಡ ಸಂಗೀತ ಇನ್ನೊಮ್ಮೆ ಸಂಕುಚಿತಗೊಳ್ಳುವುದರಿಂದ ನನಗೆ ಇದು ಹಿಡಿಸುವುದಿಲ್ಲ, ಅಡುಗೆ ಮಾಡುತ್ತ ಕೇಳಲು ಅಡ್ಡಿಯಿಲ್ಲ. ಟ್ರಾನ್ಸ್‌ಮಿಟರಿಗೆ ಸಾಕಷ್ಟು ಮಟ್ಟದ ಸಂಕೇತ ಸಿಗುವಂತೆ ಯಂತ್ರದ ವಾಲ್ಯೂಮನ್ನು ಮೇಲಿಡಿ.

ಗೋಡೆಯ ಅಡಾಪ್ಟರ್ ಹಾಕಿದಾಗ ಗುಂಯ್ ಎನ್ನುವ ಸದ್ದು ಬರುತ್ತದೆ. ಏನು ಮಾಡಲಿ?

ಯಂತ್ರಕ್ಕೂ ಆಂಪ್ಲಿಫೈಯರಿಗೂ ಒಟ್ಟಿಗೆ ಅಡಾಪ್ಟರ್ ಹಾಕಿದಾಗ ಇದು ಹೆಚ್ಚು. ಎರಡರಲ್ಲಿ ಒಂದನ್ನಾದರೂ ಬ್ಯಾಟರಿಯಲ್ಲಿ ನಡೆಸಿ. ಅಡಾಪ್ಟರ್ ಬದಲಿಸುವಾಗ ಪ್ಲಗ್ ಕೂರುತ್ತದೆಯೇ ಎಂದಷ್ಟೇ ನೋಡದೆ ಯಂತ್ರದ ಮೈಮೇಲೆ ಬರೆದಿರುವ ವೋಲ್ಟೇಜನ್ನೂ ಒಳಗೆ ಹೊರಗೆ ಯಾವ ಧ್ರುವವೆಂಬ ಗುರುತನ್ನೂ ಓದಿ. ಮಾದರಿಯಿಂದ ಮಾದರಿಗೆ ಇವು ಬೇರೆ.

ಯಂತ್ರವನ್ನೂ ಆಂಪ್ಲಿಫೈಯರನ್ನೂ ಒಟ್ಟಿಗೆ ಕಟ್ಟಿ ಒಯ್ಯಬಹುದೇ?

ಒಯ್ಯಬಹುದು, ಆದರೆ ನಡುವಿನ ಕೇಬಲ್ ಬಗ್ಗೆ ಎಚ್ಚರ ಬೇಕು. ನಾನು ಒಮ್ಮೆ ಎರಡನ್ನೂ ರಬ್ಬರ್ ಬ್ಯಾಂಡಿನಿಂದ ಬಿಗಿದು, ನೆಟ್ಟಗೆ ನಿಲ್ಲುವ ಪ್ಲಗ್ಗಿನ ಗಟ್ಟಿ ಕೇಬಲ್ ಹಾಕಿ ತಿಂಗಳುಗಟ್ಟಲೆ ಒಯ್ದೆ. ಪ್ರತಿ ಬಾರಿ ಕಿಸೆಯಿಂದ ತೆಗೆಯುವಾಗ ಪ್ಲಗ್ ಸನ್ನೆಕೋಲಿನಂತೆ ಜಾಕನ್ನು ಮೀಟಿ, ಕೊನೆಗೆ ಒಳಗಿನ ಬೆಸುಗೆ ಬಿರಿದು ಎಡಗಡೆಯ ದನಿ ಹೋಯಿತು. ಯಂತ್ರ ಬಿಚ್ಚಿ ಬೆಸೆದು ಸರಿಪಡಿಸಿದೆನಾದರೂ, ಅಷ್ಟು ಚೊಕ್ಕವಾದ ಯಂತ್ರಕ್ಕೆ ನನ್ನ ಕೈಯಿಂದಲೇ ಗಾಯವಾದ ನೋವು ಉಳಿದಿದೆ. ಎಲ್ ಆಕಾರದ, ತೆಳು ಮೈಯ ಪ್ಲಗ್ಗಿರುವ, ಬಳುಕುವ ಗಿಡ್ಡ ಕೇಬಲ್ ಬಳಸಿ. ಸೋನಿಯ ಜಾಕಿನ ಪಕ್ಕದಲ್ಲೇ ರಿಮೋಟಿನ ಸಂಪರ್ಕಗಳ ಗುಳಿ ಇರುವುದರಿಂದ ದಪ್ಪ ಮೈಯ ಪ್ಲಗ್ಗುಗಳು ಪೂರ್ತಿ ಒಳಕ್ಕೆ ಕೂರದಿರಬಹುದು.

ಎಷ್ಟು ಜೋರಾಗಿ, ಎಷ್ಟು ಹೊತ್ತು ಕೇಳಬಹುದು?

ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಸೂಚಿಸುವ ಮಿತಿ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. ಮಟ್ಟ 3 ಡೆಸಿಬೆಲ್ ಏರಿದಾಗಲೆಲ್ಲ ಹೊತ್ತು ಅರ್ಧಕ್ಕಿಳಿಯಬೇಕು. ಆಂಪ್ಲಿಫೈಯರ್ ತಂದವರು ಈ ಲೆಕ್ಕವನ್ನೂ ಜೊತೆಗಿಟ್ಟುಕೊಳ್ಳಬೇಕು.

ಮಿನಿಡಿಸ್ಕಿನಲ್ಲಿ ಕಛೇರಿ ಮುದ್ರಿಸುವಾಗ ಯಾವ ಹೆಡ್‌ಫೋನ್ ಬಳಸಲಿ? ಆಂಪ್ಲಿಫೈಯರ್ ಹಾಕಿದರೆ ಮುದ್ರಣಕ್ಕೆ ತೊಂದರೆಯೇ?

ಮುದ್ರಣದ ಹೊತ್ತಿನಲ್ಲಿ ಹೆಡ್‌ಫೋನ್ ಜಾಕಿನಲ್ಲಿ ಕೇಳಿಸುವುದು ಒಳಬರುತ್ತಿರುವ ಸಂಕೇತ. ಅದರ ವಾಲ್ಯೂಮನ್ನು ಏರಿಸಿದರೂ ಇಳಿಸಿದರೂ ಆಂಪ್ಲಿಫೈಯರ್ ಸೇರಿಸಿದರೂ ಡಿಸ್ಕಿನ ಮೇಲೆ ಬೀಳುವ ಮಟ್ಟ ಬದಲಾಗುವುದಿಲ್ಲ. ಅದಕ್ಕೆ ಮುದ್ರಣಮಟ್ಟದ ಹೊಂದಾಣಿಕೆಯೇ ಬೇರೆ ಇದೆ. ಹೆಡ್‌ಫೋನ್ ಮಾತ್ರ ಮುಚ್ಚಿದ ವಿನ್ಯಾಸದ್ದಾಗಿರಲಿ. ತೆರೆದ ಹೆಡ್‌ಫೋನಿನಿಂದ ಸೋರುವ ದನಿ ಪಕ್ಕದ ಮೈಕಿಗೆ ಬೀಳುತ್ತದೆ, ಮತ್ತು ಎದುರಿನ ಹಾಡುಗಾರಿಕೆಯೇ ಕಿವಿಗೆ ನೇರವಾಗಿ ಬರುವುದರಿಂದ ಮೈಕಿನಿಂದ ಬರುತ್ತಿರುವುದು ಯಾವುದೆಂದು ತಿಳಿಯುವುದಿಲ್ಲ. ಮುಂದಿನ ಸಾಲಿನಲ್ಲಿ ಕೂತರೆ ಮುಚ್ಚಿದ ಹೆಡ್‌ಫೋನಿಗೂ ಮಿನಿಡಿಸ್ಕಿನ 5 ಮಿಲಿವ್ಯಾಟ್ ಸಾಲದೆ ಹೋಗಬಹುದು. ಆಗ ಸಣ್ಣ ಆಂಪ್ಲಿಫೈಯರ್ ನೆರವಿಗೆ ಬರುತ್ತದೆ. ಕಿವಿಯೊಂದನ್ನೇ ನೆಚ್ಚಿಕೊಳ್ಳದೆ ಪರದೆಯ ಮೇಲಿನ ಮಟ್ಟದ ಪಟ್ಟಿಯ ಮೇಲೂ ಕಣ್ಣಿಡಿ, ತನಿ ಆವರ್ತನದ ಮೊಹರಾ ಮುಕ್ತಾಯಕ್ಕೆಂದು ಸ್ವಲ್ಪ ಜಾಗ ಬಿಟ್ಟೇ ಮಟ್ಟವನ್ನು ಹೊಂದಿಸಿಡಿ.